ರ್‍ಯಾಕ್ ಸರ್ವರ್ ಇಲ್ಲದೆ ಕಟ್ಟಿದ ಲ್ಯಾಬ್: ನನ್ನ ಅನುಭವ

ಸರ್ಟಿಫಿಕೇಶನ್ ಲ್ಯಾಬ್ ಅಂದರೆ ರ್‍ಯಾಕ್ ಸರ್ವರೇ ಬೇಕು, ಸಣ್ಣ ಡಬ್ಬಿಗಳಲ್ಲಿ ಏನೂ ಆಗದು ಎಂದವರೇ ಜಾಸ್ತಿ. ಆರ್‌ಎಚ್‌ಸಿಎಸ್‌ಎ (ರೆಡ್ ಹ್ಯಾಟ್ ಲಿನಕ್ಸ್ ಪರೀಕ್ಷೆ), ಸಿಸಿಎನ್‌ಎ (ಸಿಸ್ಕೋ ನೆಟ್‌ವರ್ಕ್ ಪರೀಕ್ಷೆ), ವಿಂಡೋಸ್ ಡೊಮೇನ್ ಮೂರರ ಲ್ಯಾಬೂ ಈಗ ಲೆನೊವೊ ಎಂ720ಕ್ಯೂ ಟೈನಿ ಎಂಬ ಎರಡು ಪುಟ್ಟ ಪಿಸಿಗಳ ಮೇಲೆ ಓಡುತ್ತಿವೆ. ಐ5-8500ಟಿ, ಆರು ಕೋರ್, 35 ವ್ಯಾಟ್. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ರಿಫರ್ಬಿಷ್ಡ್, ಒಂದಕ್ಕೆ ಹೆಚ್ಚುಕಮ್ಮಿ 13 ಸಾವಿರ ಕೊಟ್ಟೆ.

ಹಳೆಯ ರ್‍ಯಾಕ್ ಸರ್ವರ್ ಡೆಲ್ ಆರ್710 ಸಹ ಅದೇ ದುಡ್ಡಿಗೆ ಸಿಗುತ್ತಿತ್ತು, ಆದರೆ ಸುಮ್ಮನೆ ಕೂತರೂ 150 ವ್ಯಾಟ್ ತಿಂದರೆ ತಿಂಗಳಿಗೆ 108 ಯೂನಿಟ್. ಗೃಹಜ್ಯೋತಿ ಇರುವ ಮನೆಯಲ್ಲಿ ಬಳಕೆ 200 ದಾಟಿತೋ, ಪೂರ್ತಿ ಬಿಲ್ ತಲೆ ಮೇಲೆ. ನನ್ನ ಎರಡು ಟೈನಿ ಸೇರಿ ಇಪ್ಪತ್ತು ಚಿಲ್ಲರೆ ಯೂನಿಟ್.

ಇನ್ನೊಂದು ಪೇಚು ಪ್ರೊಸೆಸರ್ ತಲೆಮಾರಿನದು. ರೆಡ್ ಹ್ಯಾಟ್‌ನ ಲಿನಕ್ಸ್ ಆರ್‌ಎಚ್‌ಇಎಲ್ 10ಕ್ಕೆ ಎಕ್ಸ್86-64-ವಿ3 ಎಂಬ ಪ್ರೊಸೆಸರ್ ಮಟ್ಟ ಕಡ್ಡಾಯ, ಅಂದರೆ ಇಂಟೆಲ್‌ನ ಸರ್ವರ್ ಚಿಪ್ ಜಿಯಾನ್‌ನಲ್ಲಿ ಹ್ಯಾಸ್‌ವೆಲ್ ತಲೆಮಾರಿನಿಂದ ಈಚಿನದೇ ಆಗಬೇಕು. ಅದಕ್ಕೂ ಹಿಂದಿನ ಇ5 ವಿ2 ಅಗ್ಗ ಎಂದು ಕೊಂಡರೆ ಇನ್‌ಸ್ಟಾಲರೇ ಏಳುವುದಿಲ್ಲ. ಚಿಪ್ ಸರಿಯಿದ್ದರೂ ಪ್ರಾಕ್ಸ್‌ಮಾಕ್ಸ್‌ನಲ್ಲಿ (ಒಂದೇ ಪಿಸಿಯಲ್ಲಿ ಹಲವು ವಿಎಂ, ಅಂದರೆ ವರ್ಚುವಲ್ ಮಷೀನ್, ಓಡಿಸುವ ಸಾಫ್ಟ್‌ವೇರ್) ವಿಎಂ ಮಾಡುವಾಗ ಸಿಪಿಯು ಟೈಪ್ ತಾನಾಗಿ ವಿ2-ಎಇಎಸ್ ಆಗಿರುತ್ತದೆ. ಬೂಟ್‌ನಲ್ಲೇ ಕರ್ನಲ್ ಪ್ಯಾನಿಕ್. ‘ಹೋಸ್ಟ್’ ಎಂದು ಬದಲಿಸಿ, ಮುಗಿಯಿತು. ನೆಟ್‌ವರ್ಕ್ ಲ್ಯಾಬ್ ಸಾಫ್ಟ್‌ವೇರ್ ಇವ್-ಎನ್‌ಜಿಯಂಥ ನೆಸ್ಟೆಡ್ (ವಿಎಂ ಒಳಗೆ ವಿಎಂ) ಕೆಲಸಕ್ಕೂ ಅದೇ ಬೇಕು.

ಅಂಗಡಿಯಲ್ಲಿ ದುಡ್ಡು ಕೊಡುವ ಮೊದಲು ಎಫ್1 ಒತ್ತಿ ಬಯಾಸ್ ಒಳಗೆ ಹೋಗಿ. ಕಂಪನಿಗಳಿಂದ ಬಂದ ಮಾಲಿನಲ್ಲಿ ಬಯಾಸ್ ಪಾಸ್‌ವರ್ಡ್ ಉಳಿದಿದ್ದರೆ ವಿಟಿ-ಡಿಯಂಥ ವರ್ಚುವಲೈಸೇಶನ್ ಸೆಟ್ಟಿಂಗ್ ಆನ್ ಮಾಡಲು ಆಗದು. “ವಿಂಡೋಸ್ ಬೂಟ್ ಆಗತ್ತಲ್ಲ ಸಾರ್” ಎನ್ನುತ್ತಾರೆ, ಕೇಳಬೇಡಿ. ಅಡಾಪ್ಟರ್ ಒರಿಜಿನಲ್ 65 ವ್ಯಾಟ್‌ನದೇ ಇರಲಿ. ಲೋಕಲ್ ಹಾಕಿದರೆ ಲೋಡ್ ಬಿದ್ದಾಗ ರೀಸ್ಟಾರ್ಟ್. ಡೆಲ್ ಮೈಕ್ರೋ ಆದರೆ ಅಡಾಪ್ಟರ್ ಗುರುತು ಸಿಗದೆ ಕ್ಲಾಕನ್ನೇ ಇಳಿಸಿಬಿಡುತ್ತದೆ. ರೇಟ್ ಇಳಿಸುವುದು ಹೇಗೆಂದು ಮಾತ್ರ ಹೇಳಲಾರೆ, ಮೂರನೆಯದು ಇನ್ನೂ ಕೊಳ್ಳಬೇಕಿದೆ.

ಉಳಿದ ದುಡ್ಡೆಲ್ಲ ರ್‍ಯಾಮ್‌ಗೆ. ಕಾಗದದಲ್ಲಿ 32 ಜಿಬಿ ಮಿತಿ ಎಂದಿದೆ, ಒಂದು ಟೈನಿಯಲ್ಲಿ ಬಯಾಸ್ ಅಪ್‌ಡೇಟ್ ಮಾಡಿ 32ರ ಎರಡು ಸ್ಟಿಕ್ ಹಾಕಿದೆ, 64 ತೋರಿಸಿತು. ಇನ್ನೊಂದರಲ್ಲಿ 32. ಡೊಮೇನ್ ಕಂಟ್ರೋಲರ್‌ಗೆ 4 ಜಿಬಿ, ಲಿನಕ್ಸ್ ನೋಡ್‌ಗೆ ತಲಾ 2 ಸಾಕು. ಸಿಸ್ಕೋದ ವರ್ಚುವಲ್ ಸ್ವಿಚ್ ಕ್ಯಾಟಲಿಸ್ಟ್ 9000ವಿ ಎಬ್ಬಿಸಿದರೆ ಒಂದೇ ನೋಡ್ ಹದಿನಾರು ಹದಿನೆಂಟು ಜಿಬಿ ನುಂಗುತ್ತದೆ. ಸಿಸಿಎನ್‌ಎಗೆ ಹಗುರವಾದ ಐಒಎಲ್ (ಲಿನಕ್ಸ್ ಮೇಲೆ ಓಡುವ ಸಿಸ್ಕೋ ಐಒಎಸ್) ಇಮೇಜುಗಳೇ ಧಾರಾಳ. ಡಿಸ್ಕ್‌ಗೆ ಜಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್‌ನ ಆಸೆ ಬೇಡ. ಡಿರ್‍ಯಾಮ್ ಇಲ್ಲದ ಅಗ್ಗದ ಎಸ್‌ಎಸ್‌ಡಿ ಮೇಲೆ ನಾಲ್ಕು ಇನ್‌ಸ್ಟಾಲ್ ಒಟ್ಟಿಗೆ ಬಿಟ್ಟರೆ ಐಒ ವೇಟ್ (ಡಿಸ್ಕ್‌ಗಾಗಿ ಕಾಯುವ ಸಮಯ) ಏರಿ ಎಲ್ಲವೂ ಕಲ್ಲಾಗುತ್ತದೆ. ನನ್ನದು ಅದಕ್ಕಿಂತ ಹಗುರವಾದ ಎಲ್‌ವಿಎಂ-ಥಿನ್.

ಬಹಳ ಕಾಡಿದ್ದು ಇಂಟೆಲ್ ಐ219 ನೆಟ್‌ವರ್ಕ್ ಪೋರ್ಟ್. ದೊಡ್ಡ ಬ್ಯಾಕಪ್ ಹೋಗುವಾಗ ‘ಹಾರ್ಡ್‌ವೇರ್ ಯೂನಿಟ್ ಹ್ಯಾಂಗ್’ ಎಂದು ಲಾಗ್ ತುಂಬಿ ಲಿಂಕ್ ಸತ್ತುಹೋಗುತ್ತದೆ. ಕೇಬಲ್, ಸ್ವಿಚ್ ಬದಲಿಸಿ ದುಡ್ಡು ಕಳೆಯಬೇಡಿ. ಈಥ್‌ಟೂಲ್ ಕಮಾಂಡಿನಲ್ಲಿ ಟಿಎಸ್‌ಒ, ಜಿಎಸ್‌ಒ (ಪ್ಯಾಕೆಟ್ ತುಂಡರಿಸುವ ಸೆಟ್ಟಿಂಗ್‌ಗಳು) ಆಫ್ ಮಾಡಿ, ಆ ಸಾಲನ್ನು ಇಂಟರ್‌ಫೇಸಸ್ ಫೈಲಿನಲ್ಲಿ ಪೋಸ್ಟ್-ಅಪ್ ಆಗಿ ಸೇರಿಸಿ. ಪ್ರಾಕ್ಸ್‌ಮಾಕ್ಸ್ ಬದಲು ವಿಎಂವೇರ್‌ನ ಇಎಸ್‌ಎಕ್ಸ್‌ಐ ಬೇಕೆನ್ನುವವರಿಗೂ ಐ219 ಇರುವ ಬಾಕ್ಸೇ ಸರಿ. ರಿಯಲ್‌ಟೆಕ್ ಪೋರ್ಟನ್ನು ಅದು ತಾನಾಗಿ ಒಪ್ಪುವುದಿಲ್ಲ.

ಎರಡನ್ನೂ ಕ್ಲಸ್ಟರ್ ಮಾಡಿದರೆ ಒಂದು ಆಫ್ ಆದ ಕೂಡಲೇ ಕೋರಂ (ವೋಟಿನ ಬಹುಮತ) ಹೋಗಿ ಇನ್ನೊಂದರಲ್ಲಿ ಹೊಸ ವಿಎಂ ಶುರುವಾಗದು. ಮೂಲೆಯಲ್ಲಿ ಬಿದ್ದಿದ್ದ ರಾಸ್‌ಬೆರಿ ಪೈಗೆ ಕ್ಯೂಡಿವೈಸ್ ಹಾಕಿ ಮೂರನೇ ವೋಟ್ ಕೊಡಿಸಿದೆ. ಸದ್ಯ ಅದಕ್ಕೆ ಅದೊಂದೇ ಕೆಲಸ.