ಕಡಲ ಹತ್ತಿರದ ಮನೆ, ತಾರಸಿ ಮೇಲೆ ಶೀಟ್: ತುಕ್ಕು ತಡೆಯುವ ಕ್ರಮ

ಮಲ್ಪೆ, ಕಾಪು, ಸುರತ್ಕಲ್, ಉಳ್ಳಾಲದ ಕಡೆ ಮನೆ ಇದ್ದವರಿಗೆ ಮೊದಲೇ ಹೇಳಿಬಿಡುತ್ತೇನೆ, ಎಷ್ಟು ದುಬಾರಿ ಪೇಂಟ್ ತಂದರೂ ಅಡಿಯಲ್ಲಿ ಉಪ್ಪು ಉಳಿದರೆ ಅದು ನಿಲ್ಲುವುದಿಲ್ಲ. ತುಕ್ಕಿಗೆ ನೀರು, ಗಾಳಿ ಇದ್ದರೆ ಸಾಕು. ಉಪ್ಪು ಗಾಳಿಯ ತೇವವನ್ನು ಎಳೆದು ಕಬ್ಬಿಣದ ಮೇಲೆ ಹಿಡಿದಿಡುತ್ತದೆ, ಆ ಉಪ್ಪುನೀರಲ್ಲಿ ತುಕ್ಕು ಜೋರಾಗಿ ಹಬ್ಬುತ್ತದೆ. ಶೀಟಿನ ಅಡಿಭಾಗಕ್ಕೆ ಮಳೆನೀರು ತಾಗುವುದಿಲ್ಲ, ಉಪ್ಪು ತೊಳೆದು ಹೋಗುವುದೂ ಇಲ್ಲ. ಅಲ್ಲೇ ನೋಡಿ ಮೊದಲು.

ಕೆಲಸ ದೀಪಾವಳಿ ಕಳೆದ ಮೇಲೆ ಹಿಡಿಯಿರಿ. ಪತ್ತನಾಜೆ (ಮಳೆಗಾಲಕ್ಕೆ ಮುಂಚೆ, ಮೇ ಕೊನೆಗೆ ಬರುವ ತುಳುನಾಡಿನ ಆಚರಣೆಯ ದಿನ) ಹತ್ತಿರ ಬಂದಾಗ ಪೇಂಟರ್ ಹುಡುಕಿ ಪ್ರಯೋಜನ ಇಲ್ಲ.

ಸಣ್ಣ ಸುತ್ತಿಗೆಯಲ್ಲಿ ಶೀಟ್ ಹೊತ್ತ ಕಬ್ಬಿಣದ ಪೈಪನ್ನು ಅಲ್ಲಲ್ಲಿ ತಟ್ಟಿ. ಠಣ್ ಅನ್ನದೆ ಬೊದ್ದು ಸದ್ದು ಬಂದು ಚಕ್ಕೆ ಉದುರಿದರೆ ಅಲ್ಲಿಗೆ ಪೇಂಟ್ ದಂಡ, ವೆಲ್ಡರ್ ಕರೆಸಿ ಆ ತುಂಡು ಬದಲಿಸಿ. ಉಳಿದ ಕಡೆ ಸಿಪ್ಪೆ ಎದ್ದ ಪೇಂಟ್, ತುಕ್ಕು ಎಲ್ಲಾ ವೈರ್ ಬ್ರಶ್‌ನಲ್ಲಿ ಕೆರೆದು ತೆಗೆದು, ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಬಾವಿ ನೀರು ಸ್ವಲ್ಪ ಉಪ್ಪಾಗಿದ್ದರೂ ಬೇಡ, ನಳ್ಳಿ ನೀರೇ ಆಗಬೇಕು. ಪೇಂಟರ್‌ಗಳು ಬಿಟ್ಟುಬಿಡುವುದು ಈ ತೊಳೆಯುವ ಕೆಲಸವನ್ನೇ, ಹಾಗಾಗಿ ಹತ್ತಿರ ನಿಂತು ಮಾಡಿಸಿ. ಪೂರ್ತಿ ಒಣಗಿದ ಮೇಲೆ ಎಮರಿ ಪೇಪರ್ ಉಜ್ಜಿ, ಅದೇ ದಿನ ಪ್ರೈಮರ್ ಹೊಡೆಯಿರಿ. ನಾಳೆ ನೋಡೋಣ ಅಂತ ಬಿಟ್ಟರೆ ಬೆಳಗಾಗುವಾಗ ಕಂದು ಪದರ ಮತ್ತೆ ಹಾಜರ್.

ಪ್ರೈಮರ್ ಯಾವುದು? ಮನೆ ಒಳಗಿನ ಕಿಟಕಿ ಸರಳಿಗೆ ರೆಡ್ ಆಕ್ಸೈಡ್ ಸಾಕು. ಹೊರಗೆ ಸತುವಿನ ಅಂಶ ಜಾಸ್ತಿ ಇರುವ ಎಪಾಕ್ಸಿ ಪ್ರೈಮರ್ ಒಳ್ಳೆಯದು, ಯಾಕೆಂದರೆ ಸತು ತಾನು ಸವೆದು ಕಬ್ಬಿಣ ಉಳಿಸುತ್ತದೆ. ಆದರೆ ಅದು ಬರಿ ಕಬ್ಬಿಣಕ್ಕೆ ತಾಗಬೇಕು, ಹಳೆ ಪೇಂಟ್ ಮೇಲೆ ಬಳಿದರೆ ಸುಮ್ನೆ ದುಡ್ಡು ಹಾಳು. ಚೂಪಾದ ಅಂಚು, ಬೋಲ್ಟ್, ವೆಲ್ಡಿಂಗ್ ಜಾಗಕ್ಕೆ ಮೊದಲು ಬ್ರಶ್‌ನಲ್ಲಿ ಒಂದು ಕೈ ಬಳಿದು ಆಮೇಲೆ ಇಡೀ ಪೈಪಿಗೆ ಹೊಡೆಯಿರಿ, ಅಂಚಿನಲ್ಲಿ ಪೇಂಟ್ ತೆಳುವಾಗಿಬಿಡುತ್ತದೆ. ಪ್ರೈಮರ್ ಒಣಗಿದ ಮೇಲೆ ಎರಡು ಕೋಟ್ ಪೇಂಟ್.

ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಹಾಕಿದ್ದೇವೆ, ನಮಗೇನು ಅಂತೀರಾ? ವೆಲ್ಡ್ ಮಾಡಿದಲ್ಲಿ ಸತು ಸುಟ್ಟು ಹೋಗಿರುತ್ತದೆ. ಅಲ್ಲಿನ ಕಿಟ್ಟ ಕೆತ್ತಿ ಸತುವಿನ ಪೇಂಟ್ ಹಚ್ಚಲೇಬೇಕು. ಬಾಕ್ಸ್ ಪೈಪಿನ ಬಾಯಿ ತೆರೆದಿದ್ದರೆ ಮುಚ್ಚಿಸಿ, ಇಲ್ಲದಿದ್ದರೆ ಹೊರಗೆ ಹೊಳೆಯುತ್ತಾ ಒಳಗಿಂದ ತುಕ್ಕು ತಿನ್ನುತ್ತದೆ. ಕಂಬದ ಬುಡದ ಸಿಮೆಂಟಿನಲ್ಲಿ ನೀರು ನಿಲ್ಲುತ್ತದಾ? ನೀರು ಹೊರಗೆ ಹರಿಯುವ ಹಾಗೆ ಇಳಿಜಾರು ಮಾಡಿಸಿ.

ಇಷ್ಟಾದ ಮೇಲೆ ಬೇಸಿಗೆಯಲ್ಲಿ ಆಗಾಗ ಶೀಟಿನ ಅಡಿಗೆ ರಬ್ಬರ್ ಪೈಪಿನಲ್ಲಿ ಸಿಹಿನೀರು ಬಿಡಿ, ಮಳೆ ತೊಳೆಯದ ಉಪ್ಪು ಇಳಿದು ಹೋಗುತ್ತದೆ.