ಕಂತು ತಪ್ಪಿದೆ, ಮನೆ ತಪ್ಪಬಾರದು

ಸಾಲ ಕೈಮೀರಿದ ಮನೆಗಳಲ್ಲಿ ದುಡ್ಡು ಸಾಮಾನ್ಯವಾಗಿ ಯಾರು ಹೆಚ್ಚು ಕೂಗಾಡುತ್ತಾರೋ ಅವರ ಕೈಗೆ ಹೋಗುತ್ತದೆ. ಕಾರ್ಡ್ ವಸೂಲಿಯವನು ದಿನಕ್ಕೆ ಹತ್ತು ಸಲ ಫೋನ್ ಮಾಡುತ್ತಾನೆ, ಸಂಘದ ಸಾಲದವರು ಜಗಲಿ ಮೇಲೆ ಬಂದು ಕೂರುತ್ತಾರೆ. ಗೃಹಸಾಲ ಕೊಟ್ಟ ಬ್ಯಾಂಕ್ ಮಾತ್ರ ಎರಡು ಮೆಸೇಜ್ ಕಳಿಸಿ ಸುಮ್ಮನಿರುತ್ತದೆ. ಅದಕ್ಕೆ ಅವಸರವಿಲ್ಲ. ಅಡಮಾನದ ಮನೆಯನ್ನು ಸಿವಿಲ್ ಕೋರ್ಟಿಗೆ ಹೋಗದೆಯೇ ವಶಕ್ಕೆ ಪಡೆದು ಮಾರುವ ಅಧಿಕಾರವನ್ನು 2002ರ ಸರ್ಫೇಸಿ ಕಾಯ್ದೆ ಅದಕ್ಕೆ ಕೊಟ್ಟಿದೆ. ಹಾಗಾಗಿ ಮನೆ ಉಳಿಯಬೇಕೆಂದರೆ ದುಡ್ಡಿನ ಸರದಿಯನ್ನು ಮೊದಲು ತಿರುಗಿಸಬೇಕು.

ಒಂದೇ ಹಾಳೆಯಲ್ಲಿ ಎಲ್ಲ ಸಾಲ

ಪ್ರತಿ ಸಾಲಕ್ಕೂ ಒಂದು ಸಾಲು ಬರೆಯಿರಿ: ಯಾರಿಗೆ, ಉಳಿದ ಅಸಲು ಎಷ್ಟು, ಬಡ್ಡಿ ದರ, ತಿಂಗಳ ಕಂತು, ಯಾವ ತಾರೀಖಿನಿಂದ ಬಾಕಿ, ಅಡಮಾನ ಏನು, ಜಾಮೀನು ಯಾರು, ಸಹಿ ಹಾಕಿದ ಚೆಕ್ ಕೊಟ್ಟಿದ್ದೀರಾ. ಚೀಟಿ ಬಾಕಿ, ಕೈಸಾಲ, ಅಂಗಡಿ ಉದ್ರಿಯೂ ಇದರಲ್ಲಿರಲಿ. ಮನೆಯವರಿಂದ ಮುಚ್ಚಿಟ್ಟ ಸಾಲವೇ ಆಮೇಲೆ ಲೆಕ್ಕ ಕೆಡಿಸುವುದು.

ಮನೆಯ ಮೇಲಿರುವ ಸಾಲಗಳನ್ನು ಮೇಲಕ್ಕೆ ತನ್ನಿ. ಗೃಹಸಾಲ ಒಂದೇ ಅಲ್ಲ. ಅಂಗಡಿಗೆ ತೆಗೆದ ಓವರ್‌ಡ್ರಾಫ್ಟ್‌ಗೂ ಅದೇ ಮನೆಯನ್ನು ಭದ್ರತೆಯಾಗಿ ಕೊಟ್ಟಿರಬಹುದು. ಕರಾರುಪತ್ರ ತೆಗೆದು ಓದಿ. ಕ್ರೆಡಿಟ್ ಕಾರ್ಡ್, ಪರ್ಸನಲ್ ಲೋನ್, ಮೈಕ್ರೋಫೈನಾನ್ಸ್ ಸಾಲಗಳಿಗೆ ಅಡಮಾನ ಇರುವುದಿಲ್ಲ. ಅವರು ಮನೆಗೆ ಕೈ ಹಾಕಬೇಕಾದರೆ ದಾವೆ ಹೂಡಿ, ಡಿಕ್ರಿ ಪಡೆದು, ಜಪ್ತಿಗೆ ಅರ್ಜಿ ಹಾಕಬೇಕು. ಅದಕ್ಕೆ ಸಮಯ ಹಿಡಿಯುತ್ತದೆ, ಆ ಸಮಯ ನಿಮಗೆ ಬೇಕು.

ಆದರೆ ಚೆಕ್ ಕೊಟ್ಟ ಸಾಲವನ್ನು ಹಾಗೇ ಬಿಡಬೇಡಿ. ಚೆಕ್ ಬೌನ್ಸ್ ಆಗಿ ಲೀಗಲ್ ನೋಟಿಸ್ ಕೈಸೇರಿದ ಮೇಲೆ ಹಣ ಕಟ್ಟಲು ಇರುವುದು 15 ದಿನ. ಕಟ್ಟದಿದ್ದರೆ ಕ್ರಿಮಿನಲ್ ಕೇಸು ಹಾಕಬಹುದು. ಖಾತೆಯಿಂದ ತಾನಾಗಿ ಕಡಿತವಾಗುವ ಕಂತು ಬೌನ್ಸ್ ಆದರೂ ಇಂಥದ್ದೇ ಕೇಸಿಗೆ ಅವಕಾಶವಿದೆ. ಕಂತು ಕಟ್ಟಲಾಗದೆಂದು ತಾರೀಖಿಗೆ ಮುಂಚೆಯೇ ಬರೆದು ತಿಳಿಸಿ, ಕಡಿಮೆ ಮೊತ್ತಕ್ಕೆ ಮಾತಾಡಿ. ಚಿನ್ನ ಇದ್ದರೆ ಅದನ್ನು ಅಡ ಇಟ್ಟು ಕಾರ್ಡ್ ಬಾಕಿ ತೀರಿಸುವುದು ಬೇಡ. ಮಾರುವುದೇ ಆದರೆ ಆ ಹಣ ಗೃಹಸಾಲದ ಬಾಕಿಗೆ ಹೋಗಲಿ.

90 ದಿನದ ಲೆಕ್ಕ

ಇಲ್ಲಿ ಬಹಳ ಮಂದಿ ಎಡವುತ್ತಾರೆ. ಬ್ಯಾಂಕ್ ಎಣಿಸುವುದು ಎಷ್ಟು ಕಂತು ತಪ್ಪಿತು ಎಂದಲ್ಲ, ಅತಿ ಹಳೆಯ ಬಾಕಿಗೆ ಎಷ್ಟು ದಿನವಾಯಿತು ಎಂದು. ಅದರಂತೆ ಖಾತೆಗೆ ಎಚ್ಚರಿಕೆಯ ಗುರುತು ಬೀಳುತ್ತದೆ: 30 ದಿನದವರೆಗೆ ಎಸ್‌ಎಂಎ-0, 60ರವರೆಗೆ ಎಸ್‌ಎಂಎ-1, 90ರವರೆಗೆ ಎಸ್‌ಎಂಎ-2. 90 ದಾಟಿದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ.

ಕಟ್ಟಿದ ಹಣ ಹಳೆಯ ಬಾಕಿಗೆ ಮೊದಲು ಜಮೆಯಾಗುವುದರಿಂದ, 85ನೇ ದಿನ ಒಂದೇ ಒಂದು ಪೂರ್ತಿ ಕಂತು ಕಟ್ಟಿದರೂ ಲೆಕ್ಕ ಸುಮಾರು ಒಂದು ತಿಂಗಳು ಹಿಂದೆ ಸರಿಯುತ್ತದೆ. ಅದೇ ಕಂತನ್ನು 95ನೇ ದಿನ ಕಟ್ಟಿದರೆ ಪ್ರಯೋಜನ ಕಮ್ಮಿ. ಒಮ್ಮೆ ಎನ್‌ಪಿಎ ಆದ ಖಾತೆ ಮತ್ತೆ ಸರಿಯಾಗಲು ಅಸಲು, ಬಡ್ಡಿಯ ಎಲ್ಲ ಬಾಕಿಯೂ ತೀರಬೇಕು, ಒಂದೆರಡು ಕಂತು ಸಾಲದು. ಕೈಯಲ್ಲಿ ಒಂದೇ ಕಂತಿನ ಹಣ ಇದ್ದರೆ ಅದನ್ನು ಯಾವ ದಿನ ಕಟ್ಟುತ್ತೀರಿ ಎನ್ನುವುದೂ ಮುಖ್ಯ. ಅರ್ಧ ಕಂತು ಕಟ್ಟಿದರೆ ಹಳೆಯ ಬಾಕಿ ಪೂರ್ತಿ ತೀರದೆ ದಿನದ ಲೆಕ್ಕ ಹಿಂದೆ ಸರಿಯದೆ ಓಡುತ್ತಲೇ ಇರುತ್ತದೆ.

ಬ್ಯಾಂಕಿಗೆ ಏನು ಬರೆಯಬೇಕು

ಈ 90 ದಿನದೊಳಗೇ ಶಾಖೆಗೆ ಹೋಗಿ. ಬಾಯಿಮಾತು ಬೇಡ, ಅರ್ಜಿ ಕೊಟ್ಟು ಇನ್ನೊಂದು ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಶಾಖೆಯವರು ಸೀಲು ಹಾಕಲು ಹಿಂದೇಟು ಹಾಕಿದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಅರ್ಜಿಯಲ್ಲಿ ಕಷ್ಟದ ವರ್ಣನೆ ಎರಡು ಸಾಲು ಸಾಕು. ಉಳಿದದ್ದು ಅಂಕಿ ಇರಲಿ: ಆದಾಯ ಎಷ್ಟಿತ್ತು, ಈಗ ಎಷ್ಟು, ಯಾವಾಗ ಸುಧಾರಿಸುತ್ತದೆ, ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ. ಜೊತೆಗೆ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಕೆಲಸ ಹೋದ ಪತ್ರ ಅಥವಾ ಆಸ್ಪತ್ರೆ ಬಿಲ್ಲು ಲಗತ್ತಿಸಿ. 'ಏನಾದರೂ ಸಹಾಯ ಮಾಡಿ' ಎಂದು ಕೇಳಿದ ಅರ್ಜಿ ಮೂಲೆ ಸೇರುತ್ತದೆ; ಮೊತ್ತ, ತಿಂಗಳು ಹೇಳಿ ಕೇಳಿದ್ದು ಮೇಲಿನ ಕಚೇರಿಗೆ ಹೋಗುತ್ತದೆ.

ಕೇಳಬಹುದಾದ್ದು ಮುಖ್ಯವಾಗಿ ಅವಧಿ ವಿಸ್ತರಣೆ. 30 ಲಕ್ಷ ರೂಪಾಯಿಗೆ ಶೇ 9ರ ಬಡ್ಡಿಯಲ್ಲಿ 15 ವರ್ಷಕ್ಕೆ ಕಂತು ಸುಮಾರು 30,430 ರೂಪಾಯಿ. 25 ವರ್ಷಕ್ಕೆ ಎಳೆದರೆ ಸುಮಾರು 25,180. ತಿಂಗಳಿಗೆ ಐದು ಸಾವಿರ ಉಳಿಯುತ್ತದೆ, ಆದರೆ ಕೊನೆಗೆ ಕಟ್ಟುವ ಒಟ್ಟು ಮೊತ್ತ 20 ಲಕ್ಷಕ್ಕೂ ಹೆಚ್ಚು ಜಾಸ್ತಿಯಾಗುತ್ತದೆ. ದುಬಾರಿ ನಿಜ. ಆದರೂ ಬದಲಾಗುವ ಬಡ್ಡಿ ದರದ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ವ್ಯಕ್ತಿಗಳಿಂದ ದಂಡ ವಸೂಲಿ ಮಾಡುವಂತಿಲ್ಲ. ಕೈ ಸುಧಾರಿಸಿದಾಗ ಹೆಚ್ಚು ಕಟ್ಟಿ ಅವಧಿ ಇಳಿಸಬಹುದು. ಕೆಲವು ತಿಂಗಳು ಕಂತು ಮುಂದೂಡಿಸಿಕೊಂಡರೆ ಆ ತಿಂಗಳುಗಳಿಗೂ ಬಡ್ಡಿ ಓಡುತ್ತಲೇ ಇರುತ್ತದೆ ಎಂಬುದು ನೆನಪಿರಲಿ. ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸುವ ಯೋಚನೆ ಇದ್ದರೆ ಕಂತು ತಪ್ಪುವ ಮೊದಲೇ ಆಗಬೇಕು, ತಪ್ಪಿದ ಮೇಲೆ ತೆಗೆದುಕೊಳ್ಳುವವರು ಸಿಗುವುದು ಕಷ್ಟ.

ನೋಟಿಸ್ ಬಂದರೆ

ಎನ್‌ಪಿಎ ಆದ ಬಳಿಕ ಸರ್ಫೇಸಿ ಕಾಯ್ದೆಯ ಸೆಕ್ಷನ್ 13(2)ರ ನೋಟಿಸ್ ಬರುತ್ತದೆ. ಪೂರ್ತಿ ಸಾಲ ತೀರಿಸಲು 60 ದಿನ ಕೊಡುತ್ತದೆ. ಪೋಸ್ಟ್‌ಮ್ಯಾನ್ ತಂದದ್ದನ್ನು ವಾಪಸ್ ಕಳಿಸಿದರೆ ಆಪತ್ತು ತಪ್ಪುವುದಿಲ್ಲ, ಉತ್ತರ ಕೊಡುವ ಅವಕಾಶ ಮಾತ್ರ ತಪ್ಪುತ್ತದೆ.

ಈ 60 ದಿನದೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಿ. ಅದಕ್ಕೆ ಬ್ಯಾಂಕ್ 15 ದಿನದಲ್ಲಿ ಕಾರಣಸಹಿತ ಉತ್ತರ ಕೊಡಲೇಬೇಕು. ಏನನ್ನು ಪರಿಶೀಲಿಸಬೇಕು? ಕಟ್ಟಿದ ಕಂತುಗಳೆಲ್ಲ ಜಮೆ ಆಗಿವೆಯೇ, ಎನ್‌ಪಿಎ ತಾರೀಖು ಸರಿಯೇ, ತಡಪಾವತಿಯ ದಂಡವನ್ನು ಅಸಲಿಗೆ ಸೇರಿಸಿ ಅದರ ಮೇಲೂ ಬಡ್ಡಿ ಹಾಕಿದ್ದಾರೆಯೇ. ಈ ಕೊನೆಯದನ್ನು ಆರ್‌ಬಿಐ ನಿಷೇಧಿಸಿದೆ. ಬಾಕಿಯು ಅಸಲು, ಬಡ್ಡಿಯ ಶೇ 20ಕ್ಕಿಂತ ಕಮ್ಮಿ ಇದ್ದರೆ ಅಥವಾ ಅಡಮಾನ ಕೃಷಿ ಜಮೀನಾಗಿದ್ದರೆ ಈ ಕಾಯ್ದೆ ಅನ್ವಯಿಸದು. ನೋಟಿಸ್ ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಮನೆ ಮಾರುವಂತಿಲ್ಲ, ಲೀಸಿಗೆ ಕೊಡುವಂತಿಲ್ಲ.

60 ದಿನ ಮುಗಿದರೆ ಗೋಡೆಗೆ ಸ್ವಾಧೀನ ನೋಟಿಸ್ ಅಂಟಿಸಿ, ಎರಡು ಪತ್ರಿಕೆಗಳಲ್ಲಿ ಪ್ರಕಟಿಸುತ್ತಾರೆ. ಹೆಚ್ಚಾಗಿ ಇದು ಕಾಗದದ ಮೇಲಿನ ಸ್ವಾಧೀನ. ಬೀಗ ಹಾಕಲು ಜಿಲ್ಲಾ ಮ್ಯಾಜಿಸ್ಟ್ರೇಟರ ಆದೇಶ ತರುತ್ತಾರೆ. ಈ ಕ್ರಮದ ವಿರುದ್ಧ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ, 45 ದಿನದೊಳಗೆ ಅರ್ಜಿ ಹಾಕಬೇಕು. ಕರ್ನಾಟಕದವರಿಗೆ ಅದು ಬೆಂಗಳೂರಿನಲ್ಲಿದೆ. ಊರಿನ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆಗೆ ಓಡುವುದು ಮಾಮೂಲಿ ತಪ್ಪು. ಕಾಯ್ದೆಯ ಸೆಕ್ಷನ್ 34 ಆ ದಾರಿ ಮುಚ್ಚಿದೆ, ಅಷ್ಟರಲ್ಲಿ 45 ದಿನ ಕಳೆದಿರುತ್ತದೆ.

ಪೂರ್ತಿ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ದಿನದವರೆಗೂ ಇರುತ್ತದೆ ಎಂದು ನಂಬಿದವರು ಇನ್ನೂ ಇದ್ದಾರೆ. 2016ರ ತಿದ್ದುಪಡಿಯ ನಂತರ ಹಾಗಿಲ್ಲ. ಹರಾಜು ಪ್ರಕಟಣೆ ಹೊರಬಿದ್ದ ದಿನಕ್ಕೇ ಆ ಹಕ್ಕು ಮುಗಿಯುತ್ತದೆ, 2023ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ.

ರಾಜಿ, ಅಥವಾ ನೀವೇ ಮಾರುವುದು

ಒಂದೇ ಬಾರಿಗೆ ಇತ್ಯರ್ಥ ಎಂಬ ಓಟಿಎಸ್‌ಗೆ ಮೊತ್ತ, ಕಟ್ಟುವ ತಾರೀಖು ನಮೂದಿಸಿದ ಬ್ಯಾಂಕಿನ ಪತ್ರ ಕೈಗೆ ಬಂದ ಮೇಲೆಯೇ ಹಣ ಕೊಡಿ. ಒಂದು ಗಡುವು ತಪ್ಪಿದರೆ ಒಪ್ಪಂದ ರದ್ದಾಗಿ ಹಳೆಯ ಲೆಕ್ಕ ಮರಳುತ್ತದೆ. ನಿಮ್ಮ ಸಾಲದ ಚರಿತ್ರೆ ಇಡುವ ಸಿಬಿಲ್‌ನಲ್ಲಿ 'ಸೆಟಲ್ಡ್' ಎಂದು ಬೀಳುತ್ತದೆ, ಮುಂದಿನ ಸಾಲಕ್ಕೆ ಅದು ಅಡ್ಡಿ.

ಲೆಕ್ಕ ಎಷ್ಟು ಹಾಕಿದರೂ ಹೊಂದದಿದ್ದರೆ, ಬ್ಯಾಂಕಿನ ಒಪ್ಪಿಗೆ ಪಡೆದು ನೀವೇ ಮಾರುವುದು ಲೇಸು. ಹರಾಜಿನಲ್ಲಿ ಬೆಲೆ ಇಳಿಯುವುದೇ ಹೆಚ್ಚು. ಸಾಲಕ್ಕಿಂತ ಕಡಿಮೆ ಬಂದರೆ ಉಳಿದದ್ದಕ್ಕೂ ಬೆನ್ನು ಹತ್ತುತ್ತಾರೆ. ಹೆಚ್ಚು ಬಂದರೆ ಮಿಕ್ಕ ಹಣ ನಿಮ್ಮದೇ, ಕೇಳಿ ಪಡೆಯಬೇಕು.

ಯಾರ ಬಳಿ ಹೋಗಬೇಕು, ಯಾರ ಬಳಿ ಬೇಡ

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಥವಾ ತಾಲ್ಲೂಕು ಸಮಿತಿಯಲ್ಲಿ ಉಚಿತ ವಕೀಲರು ಸಿಗುತ್ತಾರೆ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರಿಗೆ ಆದಾಯದ ಮಿತಿ ಇಲ್ಲ. ಸಹಾಯವಾಣಿ 15100. ಲೋಕ ಅದಾಲತ್‌ನಲ್ಲಿ ಬ್ಯಾಂಕಿನವರು ಚೌಕಾಶಿಗೆ ಬಗ್ಗುವುದುಂಟು, ಆದರೆ ಅಲ್ಲಿ ಒಪ್ಪಿದ್ದಕ್ಕೆ ಮೇಲ್ಮನವಿ ಇಲ್ಲ. ಕಟ್ಟಲಾಗದ ತಾರೀಖಿಗೆ ತಲೆಯಾಡಿಸಬೇಡಿ.

ಬ್ಯಾಂಕಿನ ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಬೆದರಿಸುವಂತಿಲ್ಲ, ನಾಲ್ಕು ಜನರ ಮುಂದೆ ಮಾನ ಕಳೆಯುವಂತಿಲ್ಲ. ಮೊದಲು ಬ್ಯಾಂಕಿಗೆ ದೂರು ಕೊಡಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ, ಶುಲ್ಕವಿಲ್ಲ; ಮಾಹಿತಿಗೆ 14448. ಹರಾಜು ತಡೆಯುವುದು ಮಾತ್ರ ಅಲ್ಲಿನ ಕೆಲಸವಲ್ಲ. ಖಾಸಗಿ ಲೇವಾದೇವಿಯವರ ದೌರ್ಜನ್ಯಕ್ಕೆ ರಾಜ್ಯದ 2025ರ ಕಾನೂನಿನಡಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡವಿದೆ. ಪೊಲೀಸ್ ಠಾಣೆಯಲ್ಲಿ ದೂರು ಕೊಡಿ.

ಮುಂಗಡ ಶುಲ್ಕ ಕೇಳಿ 'ಸಾಲ ಅರ್ಧ ಮಾಡಿಸುತ್ತೇವೆ' ಎನ್ನುವವರನ್ನು ದೂರವಿಡಿ. ಅದಕ್ಕಿಂತ ದೊಡ್ಡ ಅಪಾಯ ಬಡ್ಡಿಗೆ ಕೊಡುವವರು ಕೇಳುವ ಕಾಗದ. ಬ್ಯಾಂಕ್ ಬಾಕಿ ಕಟ್ಟಲು ಕೈಸಾಲ ಕೊಡುತ್ತೇನೆ, 'ಭದ್ರತೆಗೆ ಮಾತ್ರ' ಕ್ರಯದ ಕರಾರು ಅಥವಾ ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ನೋಂದಣಿ ಮಾಡಿಕೊಡಿ ಎನ್ನುತ್ತಾರೆ. ಕಾಗದದಲ್ಲಿ ಸಾಲದ ಮಾತೇ ಇರುವುದಿಲ್ಲ, ಮನೆ ಮಾರಾಟಕ್ಕೆ ಒಪ್ಪಿ ಮುಂಗಡ ಪಡೆದಿರಿ ಎಂದಷ್ಟೇ ಇರುತ್ತದೆ. ಖಾಲಿ ಛಾಪಾ ಕಾಗದಕ್ಕೆ ಸಹಿಯನ್ನೂ ಹಾಕಬೇಡಿ.

ಸಾಲ ತೀರಿದ ಮೇಲೆ ಮೂಲಪತ್ರಗಳನ್ನು 30 ದಿನದೊಳಗೆ ಹಿಂದಿರುಗಿಸುವುದು ಬ್ಯಾಂಕಿನ ಹೊಣೆ. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಉಪನೋಂದಣಿ ಕಚೇರಿಯಲ್ಲಿ ಅಡಮಾನ ರದ್ದಾದ ನಮೂದು ಬಿದ್ದಿದೆಯೇ ಎಂದು ಹೊಸ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ ನೋಡಿಕೊಳ್ಳಿ.