ಸಂಜೆ ಏಳೂವರೆಯ ಲೋಟ

ನಮ್ಮ ಮನೆಯಲ್ಲಿ ಮದುವೆಗೆ ಉಡುಗೊರೆಯಾಗಿ ಬಂದ ಆರು ಸ್ಟೀಲ್ ಲೋಟಗಳಿವೆ. 2022ರ ಒಂದು ಸಂಜೆ ಅವುಗಳಲ್ಲಿ ಒಂದರಲ್ಲಿ ಮೂರು ವರ್ಷದ ಮಗನ ರಾಗಿ ಮಾಲ್ಟ್ ಇತ್ತು, ಪಕ್ಕದಲ್ಲಿದ್ದ ಇನ್ನೊಂದರಲ್ಲಿ ನನ್ನ ಕೆಂಪು ವೈನ್ ಇತ್ತು. ಮಗ ನನ್ನ ಲೋಟವನ್ನೆತ್ತಿ ತುಟಿಯ ಹತ್ತಿರ ತಂದಾಗ ನಾನು ಅದನ್ನು ಕಸಿದುಕೊಂಡು, ಗಾಬರಿಯಲ್ಲಿ ಅವನ ಕೈಗೆ ಹೊಡೆದೆ. ಅವನು ಅತ್ತ ಸದ್ದಿಗೆ ಒಳಗಿನಿಂದ ಅತ್ತೆಯವರು ‘ಏನಾಯ್ತಮ್ಮ?’ ಎಂದರು. ‘ಏನಿಲ್ಲ ಅತ್ತೆ, ಲೋಟ ಬಿಸಿ ಇತ್ತು’ ಎಂದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಗಾಜಿನ ಲೋಟವಾದರೆ ಕಣ್ಣಿಗೆ ಬೀಳುತ್ತದೆ ಎಂದೇ ನಾನು ಸ್ಟೀಲ್ ಲೋಟವನ್ನು ಹಿಡಿದಿದ್ದೆ. ಬಾಟಲಿ ಅಕ್ಕಿ ಡಬ್ಬದ ಹಿಂದೆ ಇರುತ್ತಿತ್ತು. ನಮ್ಮ ಮನೆಯವರು ಶನಿವಾರ ಸ್ನೇಹಿತರೊಡನೆ ಟೆರೇಸಿನಲ್ಲಿ ವಿಸ್ಕಿ ಕುಡಿಯುವುದು ಎಲ್ಲರಿಗೂ ಗೊತ್ತಿದ್ದ, ನಗುತ್ತಾ ಆಡಿಕೊಳ್ಳುವ ಸಂಗತಿಯಾಗಿತ್ತು. ನನ್ನದು ಮಾತ್ರ ಗುಟ್ಟು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ವರ್ಷ ದಾಟಿದ ಪುರುಷರಲ್ಲಿ ಶೇ 18.8ರಷ್ಟು, ಮಹಿಳೆಯರಲ್ಲಿ ಶೇ 1.3ರಷ್ಟು ಮಂದಿ ಮದ್ಯ ಸೇವಿಸುತ್ತಾರೆ. ಅತ್ತೆಯವರು ಪಕ್ಕದಲ್ಲಿ ಕುಳಿತಿರುವಾಗ ಸಮೀಕ್ಷೆಯವರು ಬಂದು ಕೇಳಿದ್ದರೆ ನಾನಂತೂ ‘ಇಲ್ಲ’ ಎಂದೇ ಹೇಳುತ್ತಿದ್ದೆ.

ಎಷ್ಟು ಕುಡಿಯುತ್ತಿದ್ದೇನೆ ಎಂಬುದು ನನಗೇ ತಿಳಿದಿರಲಿಲ್ಲ. ‘ಒಂದೆರಡು ಲೋಟ’ ಎಂದುಕೊಂಡಿದ್ದೆ, ಅಷ್ಟೇ. ಮಗನಿಗೆ ಬೇಡವಾಗಿದ್ದ ಹಾಲಿನ ಬಾಟಲಿಯಲ್ಲಿ ಮಿಲಿಲೀಟರಿನ ಗೆರೆಗಳಿದ್ದವು. ಒಂದು ದಿನ ಲೋಟದ ತುಂಬ ನೀರು ಹಿಡಿದು ಅದಕ್ಕೆ ಸುರಿದು ನೋಡಿದರೆ 240 ಮಿಲಿಲೀಟರ್. ಶೇ 13ರಷ್ಟು ಮದ್ಯಸಾರವಿರುವ ವೈನ್ ಅಷ್ಟು ಕುಡಿದರೆ ಸುಮಾರು 25 ಗ್ರಾಂ ಮದ್ಯಸಾರ ಒಳಗೆ ಹೋಗುತ್ತದೆ. 10 ಗ್ರಾಂ ಮದ್ಯಸಾರವನ್ನು ಒಂದು ಪ್ರಮಾಣಿತ ಪೆಗ್ ಎಂದು ಎಣಿಸಿದರೆ ನನ್ನ ಎರಡು ಲೋಟಗಳು ಐದು ಪೆಗ್‌ಗಳಾಗುತ್ತಿದ್ದವು. ಮಗುವಿನ ಬಾಟಲಿಯನ್ನು ಕೈಯಲ್ಲಿ ಹಿಡಿದು ಅಡುಗೆಮನೆಯಲ್ಲಿ ಈ ಲೆಕ್ಕ ಹಾಕಿದ ಗಳಿಗೆಯನ್ನು ಮರೆಯಲಾರೆ.

ಆ ವಾರವೇ ಮನೋವೈದ್ಯೆಯೊಬ್ಬರನ್ನು ಕಂಡೆ. ಅವರು ಕುಡಿತದ ಅಭ್ಯಾಸವನ್ನು ಅಳೆಯುವ, ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ‘ಆಡಿಟ್’ ಪಟ್ಟಿಯನ್ನು ಭರ್ತಿ ಮಾಡಿಸಿದರು. ಅದರಲ್ಲಿ 8 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ಎಚ್ಚರ ವಹಿಸಬೇಕು, ನನಗೆ 14 ಬಂದಿತ್ತು. ಬೆಳಗ್ಗೆ ಕೈ ನಡುಗುತ್ತದೆಯೇ, ಬೆವರು, ವಾಕರಿಕೆ ಇವೆಯೇ ಎಂದು ಅವರು ಎರಡೆರಡು ಬಾರಿ ಕೇಳಿದರು. ಹಾಗಿರುವವರು ತಾವಾಗಿಯೇ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ, ವೈದ್ಯರ ನಿಗಾದಲ್ಲೇ ಬಿಡಬೇಕು ಎಂದರು. ನನಗೆ ಅಂಥ ಲಕ್ಷಣಗಳಿರಲಿಲ್ಲವಾದ್ದರಿಂದ, ರಕ್ತ ಪರೀಕ್ಷೆ ಮಾಡಿಸಿದ ಮೇಲೆ ಮೂರು ವಾರಗಳಲ್ಲಿ ಹಂತಹಂತವಾಗಿ ಇಳಿಸಿ ನಿಲ್ಲಿಸುವುದೆಂದಾಯಿತು.

ಒತ್ತಡ ಇಳಿಯಲೆಂದು ಕುಡಿಯುತ್ತಿದ್ದದ್ದೇ ಒತ್ತಡವನ್ನು ಏರಿಸುತ್ತಿತ್ತು ಎಂಬುದನ್ನೂ ಅವರೇ ಬಿಡಿಸಿ ಹೇಳಿದರು. ಮದ್ಯವು ಮಿದುಳನ್ನು ಶಾಂತಗೊಳಿಸುವ ‘ಗಾಬಾ’ ಎಂಬ ರಾಸಾಯನಿಕದ ಪ್ರಭಾವವನ್ನು ಹೆಚ್ಚಿಸಿ, ಉದ್ರೇಕಿಸುವ ‘ಗ್ಲುಟಮೇಟ್’ ಅನ್ನು ಅದುಮಿಡುತ್ತದೆ. ಅಮಲು ಇಳಿಯುವಾಗ ಅದುಮಿಟ್ಟದ್ದು ಪುಟಿದೇಳುತ್ತದೆ. ನಸುಕಿನ ಮೂರು ಗಂಟೆಗೆ ಎದೆ ಡವಗುಟ್ಟಿ ಎಚ್ಚರವಾಗುತ್ತಿದ್ದುದಕ್ಕೂ, ಬೆಳಗ್ಗೆ ಮಗಳ ಜಡೆ ಹೆಣೆಯುವಾಗ ಸುಮ್ಮಸುಮ್ಮನೆ ರೇಗುತ್ತಿದ್ದುದಕ್ಕೂ ಅದುವರೆಗೆ ನಾನು ಆಫೀಸನ್ನು ಬೈದುಕೊಂಡಿದ್ದೆ.

ಮೊದಲು ಎಲ್ಲರೂ ಹೇಳುವ ಉಪಾಯಗಳನ್ನೇ ಹಿಡಿದೆ. ಮೊಬೈಲ್ ಆ್ಯಪ್ ಹಾಕಿಕೊಂಡು ಧ್ಯಾನಕ್ಕೆ ಕುಳಿತರೆ ಕಣ್ಣು ಮುಚ್ಚಿದಷ್ಟೂ ಅಕ್ಕಿ ಡಬ್ಬವೇ ಕಾಣುತ್ತಿತ್ತು. ಬೆಳಗಿನ ಐದು ಗಂಟೆಯ ಯೋಗದ ತರಗತಿ ಒಳ್ಳೆಯದೇ ಇರಬಹುದು, ಆದರೆ ನನ್ನ ಕಷ್ಟ ಇದ್ದದ್ದು ಸಂಜೆ ಏಳೂವರೆಗೆ. ಲ್ಯಾಪ್‌ಟಾಪ್ ಮುಚ್ಚಿದ ಮರುಕ್ಷಣ ಕುಕ್ಕರ್ ಇಡುವ, ಮಗ್ಗಿ ಹೇಳಿಸುವ, ಮಗನಿಗೆ ಉಣಿಸುವ ಕೆಲಸಗಳು ಮೈಮೇಲೆ ಬೀಳುತ್ತಿದ್ದವು, ಎರಡು ದುಡಿಮೆಗಳ ನಡುವೆ ನನ್ನದು ಎನ್ನುವ ಐದು ನಿಮಿಷವೂ ಇರಲಿಲ್ಲ. ಆ ಐದು ನಿಮಿಷವನ್ನೇ ನಾನು ಲೋಟದಲ್ಲಿ ಬಗ್ಗಿಸಿಕೊಳ್ಳುತ್ತಿದ್ದೆ.

ಆದ್ದರಿಂದ ಮನೆಯವರಿಗೆ ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ನಾನು ಏಳೂವರೆಯಿಂದ ಎಂಟೂವರೆಯವರೆಗೆ ಮಾಡುವ ಕೆಲಸಗಳನ್ನು ಹಾಲಿನ ಲೆಕ್ಕದ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಅವರ ಮುಂದಿಟ್ಟಿದ್ದೆ, ಅವು ಹನ್ನೊಂದಿದ್ದವು. ‘ಇಷ್ಟೊಂದಾ?’ ಎಂದರು. ಮರುದಿನದಿಂದ ಮಗ್ಗಿ, ಶಾಲೆಯ ಡೈರಿ, ಮಗನ ಊಟ ಅವರ ಪಾಲಿಗೆ ಹೋದವು, ಮನೆಯಲ್ಲಿದ್ದ ವಿಸ್ಕಿಯೂ ಹೋಯಿತು. ಮೊದಲ ವಾರ ಮಗ ಅರ್ಧ ಹೊಟ್ಟೆಯಲ್ಲಿ ಮಲಗಿದ ದಿನಗಳೂ ಇದ್ದವು. ಎದ್ದು ಹೋಗಿ ಉಣಿಸಿಬಿಡಬೇಕೆಂಬ ತವಕವನ್ನು ತಡೆದುಕೊಳ್ಳುವುದು ವೈನ್ ಬಿಡುವುದಕ್ಕಿಂತ ಕಷ್ಟವಾಗಿತ್ತು ಎಂದರೆ ನಂಬುವವರು ಕಡಿಮೆ.

ಬಿಡುವಾದ ಆ ಒಂದು ಗಂಟೆಗೂ ಮುಂಚೆ ಏನಾದರೂ ತಿನ್ನಲು ಕಲಿತೆ. ಮಧ್ಯಾಹ್ನ ಒಂದಕ್ಕೆ ಊಟ ಮಾಡಿ ಮತ್ತೆ ಏನೂ ತಿನ್ನದಿದ್ದವಳಿಗೆ ಕುಡಿಯಬೇಕೆನ್ನಿಸುತ್ತಿದ್ದುದರಲ್ಲಿ ಅರ್ಧದಷ್ಟು ಬರೀ ಹಸಿವಾಗಿತ್ತು. ಆರೂವರೆಗೆ ಒಂದು ಬಟ್ಟಲು ಒಗ್ಗರಣೆ ಅವಲಕ್ಕಿ ತಿಂದ ದಿನ ಚಪಲ ಸೌಮ್ಯವಾಗಿರುತ್ತಿತ್ತು. ಚಪಲವೂ ಅಲೆಯಂತೆ ಏರಿ ಇಳಿಯುತ್ತದೆ, ಇಪ್ಪತ್ತು–ಮೂವತ್ತು ನಿಮಿಷ ಕಾದರೆ ಸಾಮಾನ್ಯವಾಗಿ ತಗ್ಗುತ್ತದೆ ಎಂದು ವೈದ್ಯೆ ಹೇಳಿದ್ದರು. ಆ ಇಪ್ಪತ್ತು ನಿಮಿಷ ಕೈ ಖಾಲಿ ಇರಬಾರದು ಎಂಬುದು ನಾನೇ ಕಂಡುಕೊಂಡದ್ದು. ಅದು ಅವರೆಕಾಯಿಯ ಕಾಲ. ನೆನೆಸಿದ ಕಾಳನ್ನು ಎರಡು ಬೆರಳ ನಡುವೆ ಹಿತುಕಿದರೆ ಸಿಪ್ಪೆ ಒಂದು ಕಡೆಗೆ, ಹಸಿರು ಬೇಳೆ ಮತ್ತೊಂದು ಕಡೆಗೆ ಜಾರುತ್ತದೆ. ಎರಡೂ ಕೈ ಒದ್ದೆಯಾಗಿದ್ದರಿಂದ ಲೋಟವನ್ನೂ ಹಿಡಿಯಲಾಗದು, ಮೊಬೈಲನ್ನೂ ಮುಟ್ಟಲಾಗದು. ಆ ಚಳಿಗಾಲ ನಮ್ಮ ಮನೆಯಲ್ಲಿ ಹಿತಕಬೇಳೆ ಸಾರು ಎಷ್ಟು ಸಲ ಆಯಿತೋ ಲೆಕ್ಕವಿಲ್ಲ. ಅವರೆ ಮುಗಿದ ಮೇಲೆ ಬಿಡಿ ಮಲ್ಲಿಗೆ ತಂದು ಮಾಲೆ ಕಟ್ಟಿದೆ. ಅದೇ ಸ್ಟೀಲ್ ಲೋಟದಲ್ಲಿ ಪುನರ್ಪುಳಿ ಸಾರಕ್ಕೆ ಉಪ್ಪು, ಜೀರಿಗೆ ಬೆರೆಸಿ ಕುಡಿಯುತ್ತಿದ್ದೆ. ಅದೇ ಬಣ್ಣ, ಹೆಚ್ಚುಕಡಿಮೆ ಅದೇ ಹುಳಿ. ಕೆಲವರಿಗೆ ಇಂಥ ಹೋಲಿಕೆಯೇ ಚಪಲವನ್ನು ಕೆರಳಿಸಬಹುದು, ನನಗೆ ಒಗ್ಗಿತು.

ನಿದ್ದೆ ಮೊದಲ ವಾರ ಇನ್ನಷ್ಟು ಕೆಟ್ಟು, ಮೂರನೆಯ ವಾರದಿಂದ ಹದಕ್ಕೆ ಬಂತು. ನಡುವೆ ಎರಡು ಸಲ ಜಾರಿದ್ದೇನೆ. ಒಂದು ಸಲ ನಾದಿನಿಯ ಗೃಹಪ್ರವೇಶ ಮುಗಿಸಿ ಬಂದ ರಾತ್ರಿ, ಇನ್ನೊಂದು ಸಲ ಯಾವ ಕಾರಣವೂ ಇಲ್ಲದೆ. ಎರಡನೆಯ ಸಲ ನಡುರಾತ್ರಿ 14416ಕ್ಕೆ, ಎಂದರೆ ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಿದೆ. ಕನ್ನಡದಲ್ಲೇ ಮಾತಾಡಿದ ಹುಡುಗಿಯೊಬ್ಬಳು ಹೆಸರು ಕೇಳದೆ ಇಪ್ಪತ್ತೈದು ನಿಮಿಷ ಕೇಳಿಸಿಕೊಂಡಳು.

ಕಳೆದ ತಿಂಗಳು ಮನೆಯವರು ಟೂರಿಗೆ ಹೋಗಿದ್ದಾಗ ನಾಲ್ಕು ದಿನ ಆ ಒಂದು ಗಂಟೆ ನನ್ನ ಕೈತಪ್ಪಿತು. ಎರಡನೆಯ ದಿನ ಏಳೂವರೆಗೆ ಬಾಯಿ ಒಣಗಿದ್ದು ತಿಳಿಯಿತು. ಅತ್ತೆಯವರ ಬಳಿ ಹೋಗಿ ‘ಅತ್ತೆ, ಒಂದರ್ಧ ಗಂಟೆ ಮಕ್ಕಳನ್ನ ನೋಡ್ಕೋತೀರಾ?’ ಎಂದೆ. ಯಾಕೆಂದು ಅವರು ಕೇಳಲಿಲ್ಲ. ನಾನು ಕಟ್ಟಲೆಂದು ತಂದಿಟ್ಟಿದ್ದ ಹೂವಿನ ಪೊಟ್ಟಣವನ್ನೂ ನೂಲಿನ ಉಂಡೆಯನ್ನೂ ಫ್ರಿಜ್ಜಿನಿಂದ ತೆಗೆದು ನನ್ನ ಕೈಗೆ ಕೊಟ್ಟು, ಮಗನನ್ನು ಎತ್ತಿಕೊಂಡು ಒಳಗೆ ಹೋದರು.